ತೋಟದ ಲೆಕ್ಕದ ಶೀಟು ಅಪ್ಪನಿಗೆ ಓದಲು ಬರುವ ಹಾಗೆ ಮಾಡುವುದು ಹೇಗೆ?

ಕಾಫಿಕಣ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ನಾಪೋಕ್ಲು ಕಡೆ ಸಣ್ಣ ತೋಟ. ಜಾಸ್ತಿ ರೊಬಸ್ಟಾ, ಮೇಲಿನ ಬದಿಯಲ್ಲಿ ಸ್ವಲ್ಪ ಅರೇಬಿಕಾ, ಮರಗಳಿಗೆಲ್ಲ ಮೆಣಸಿನ ಬಳ್ಳಿ. ಅಪ್ಪ ನಲವತ್ತು ವರ್ಷ ಉದ್ದ ಲೆಡ್ಜರ್‌ನಲ್ಲೇ ಲೆಕ್ಕ ಬರೆದವರು. ಈ ಸಲದ ಕುಯ್ಲಿನಿಂದ ನಾನು ಎಲ್ಲವನ್ನೂ ಎಕ್ಸೆಲ್‌ಗೆ ಹಾಕಿದ್ದೇನೆ. ಹಾಜರಿ, ದಿನದ ಹಣ್ಣಿನ ತೂಕ, ಮಾರಿದ ಚೀಲ, ಮಳೆ ಲೆಕ್ಕ, ಹೀಗೆ ನಾಲ್ಕು ಶೀಟು.

ಚೆನ್ನಾಗಿ ಕಾಣಲಿ ಅಂತ ತುಂಬಾ ಕಷ್ಟಪಟ್ಟೆ. ರೊಬಸ್ಟಾಗೆ ಹಸಿರು, ಅರೇಬಿಕಾಗೆ ಕಿತ್ತಳೆ, ಮೆಣಸಿಗೆ ಬೂದಿ, ಭಾನುವಾರಕ್ಕೆ ಹಳದಿ, ಕೂಲಿ ಬಾಕಿಗೆ ಗುಲಾಬಿ. ಎಲ್ಲ ಅಂಕಿಯನ್ನೂ ಮನೆಯ (ಸೆಲ್ಲಿನ) ನಡುವಿಗೆ ತಂದು, ಸುತ್ತ ದಪ್ಪ ಗೆರೆ ಹಾಕಿದೆ. ನಿನ್ನೆ ಪ್ರಿಂಟ್ ತೆಗೆಸಿ ಅಪ್ಪನ ಕೈಗೆ ಕೊಟ್ಟರೆ ಆರು ಹಾಳೆ ಬಂತು. ಕೊನೆಯ ಎರಡು ಕಾಲಂ ಬೇರೆ ಹಾಳೆಗೆ ಓಡಿಹೋಗಿತ್ತು. ಅಪ್ಪ ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ "ಇದು ಲೆಕ್ಕವಾ, ಸಂತೆಯಲ್ಲಿ ಬಟ್ಟೆ ಹರಡಿದ್ದಾ?" ಅಂದರು. ಪುನಃ ಲೆಡ್ಜರ್ ತೆರೆದು ಕೂತರು.

ನಗಬೇಡಿ. ಎಲ್ಲಿಂದ ಸರಿ ಮಾಡಲು ಶುರು ಮಾಡಲಿ?

ಹಳೇರೈಟರ್ · ಭಾನುವಾರ ರಾತ್ರಿ 10:25

ನಗದೆ ಇರುವುದು ಹೇಗೆ ತಂಗಿ. ಆದರೆ ನಾನೂ ಇದನ್ನೆಲ್ಲ ಮಾಡಿದವನೇ. ಎಸ್ಟೇಟಿನಲ್ಲಿ 26 ವರ್ಷ ರೈಟರ್, ಅಂದರೆ ಲೆಕ್ಕ ಬರೆಯುವವನು, ಆಗಿದ್ದೆ.

ಮೊದಲು ಎಲ್ಲ ಬಣ್ಣ ತೆಗೆಯಿರಿ. ಪೂರ್ತಿ ಶೀಟ್ ಆರಿಸಿ 'ಕ್ಲಿಯರ್ ಫಾರ್ಮ್ಯಾಟ್ಸ್' ಒತ್ತಿ, ಅಂಕಿ ಹಾಗೇ ಉಳಿಯುತ್ತದೆ, ಅಲಂಕಾರ ಮಾತ್ರ ಹೋಗುತ್ತದೆ. ತಾರೀಕುಗಳು ಮಾತ್ರ 45,000 ದಾಟಿದ ಅಂಕಿಗಳ ಥರ ಕಾಣುತ್ತವೆ, ಹೆದರಬೇಡಿ. ಎಕ್ಸೆಲ್ ತಾರೀಕನ್ನು ಒಳಗೆ ಇಟ್ಟುಕೊಳ್ಳುವುದೇ ಹಾಗೆ, 1900ರ ಜನವರಿ 1ನ್ನು ಒಂದು ಅಂತ ಹಿಡಿದು ದಿನ ಎಣಿಸುತ್ತದೆ. ಆ ಕಾಲಂಗೆ ಮತ್ತೆ ಡೇಟ್ ಫಾರ್ಮ್ಯಾಟ್ ಕೊಟ್ಟರೆ ಆಯಿತು.

ಆಮೇಲೆ ನಿಮ್ಮ ಅಪ್ಪನ ಲೆಡ್ಜರ್ ತೆರೆದು ನೋಡಿ. ಹೆಸರು ಎಡಕ್ಕೆ ಹಚ್ಚಿ ಬರೆದಿರುತ್ತಾರೆ. ಅಂಕಿ ಬಲಕ್ಕೆ, ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು. ಅಡ್ಡ ಗೆರೆ ತೆಳ್ಳಗೆ, ಒಟ್ಟಿನ ಮೇಲೆ ಒಂದು ಗೆರೆ, ಕೆಳಗೆ ಎರಡು. ಅಷ್ಟೇ ಅಲ್ವಾ? ನಲವತ್ತು ವರ್ಷ ಅದನ್ನೇ ಓದಿದ ಕಣ್ಣಿಗೆ ನೀವು ಅಂಕಿಯನ್ನು ನಡುವಿಗೆ ತಂದು ಕೊಟ್ಟರೆ 86 ಯಾವುದು, 860 ಯಾವುದು ಅಂತ ಹುಡುಕಬೇಕಾಗುತ್ತದೆ. ಬಲಕ್ಕೆ ಹಚ್ಚಿದರೆ ಉದ್ದ ನೋಡಿದ ಕೂಡಲೇ ಗೊತ್ತಾಗುತ್ತದೆ. ತಲೆಬರಹವೂ ಕೆಳಗಿನ ಅಂಕಿಯ ಹಾಗೇ ಬಲಕ್ಕೆ ಇರಲಿ.

ಡಿಟಿಪಿಅಕ್ಕ · ಸೋಮವಾರ ಬೆಳಿಗ್ಗೆ 7:15

ಕುಶಾಲನಗರದಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ. ಕುಯ್ಲಿನ ಸಮಯದಲ್ಲಿ ಇಂಥ ಆರು ಹಾಳೆಯವರು ದಿನಾ ಬರುತ್ತಾರೆ.

ಪೇಜ್ ಲೇಔಟ್‌ಗೆ ಹೋಗಿ ಹಾಳೆಯನ್ನು ಅಡ್ಡ ಮಾಡಿ, ಎ4 ಆರಿಸಿ. 'ಸ್ಕೇಲ್ ಟು ಫಿಟ್' ಅಂತ ಇದೆ. ವಿಡ್ತ್ ಅಂದಲ್ಲಿ 1 ಪೇಜ್, ಹೈಟ್ ಅಂದಲ್ಲಿ ಆಟೊಮ್ಯಾಟಿಕ್. ಎರಡನ್ನೂ 1 ಮಾಡಬೇಡಿ, ಅಕ್ಷರ ಇರುವೆ ಆಗುತ್ತದೆ. 'ಪ್ರಿಂಟ್ ಟೈಟಲ್ಸ್'ನಲ್ಲಿ ತಲೆಬರಹದ ಸಾಲು ತೋರಿಸಿದರೆ ಪ್ರತಿ ಹಾಳೆಯ ಮೇಲೂ ಅದು ಬರುತ್ತದೆ. ಇಲ್ಲದಿದ್ದರೆ ಎರಡನೇ ಹಾಳೆ ಕೈಗೆ ಬಂದಾಗ ಇದು ಕೂಲಿಯ ಕಾಲಮ್ಮಾ ತೂಕದ್ದಾ ಅಂತ ಕೇಳಬೇಕು.

ಇನ್ನೊಂದು, ಕನ್ನಡದಲ್ಲಿ ಬರೆಯುವವರಿಗೆ ಮಾತ್ರ ಬರುವ ತಾಪತ್ರಯ. ಒತ್ತಕ್ಷರ. ಸಾಲಿನ ಎತ್ತರ ಇಂಗ್ಲಿಷಿಗೆ ಸರಿ ಇದ್ದರೆ 'ಮೇಸ್ತ್ರಿ'ಯ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದೆ. ಸಾಲುಗಳನ್ನೆಲ್ಲ ಆರಿಸಿ ಎತ್ತರ ಸ್ವಲ್ಪ ಜಾಸ್ತಿ ಮಾಡಿ, ಬರಹ ಸಾಲಿನ ನಡುವೆ ನಿಲ್ಲುವ ಹಾಗೆ ಮಾಡಿ. 11 ಅಕ್ಷರಕ್ಕೆ 20 ಇದ್ದರೆ ನೆಮ್ಮದಿ. ಹಳೇ ನುಡಿ, ಬರಹದ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರುಗಳಿದ್ದರೆ ಅವನ್ನು ಯೂನಿಕೋಡಿಗೆ ಬದಲಿಸಿಕೊಳ್ಳಿ. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅದು ಬರೀ ಕಸ. ಪ್ರಿಂಟಿಗೆ ಕೊಡುವಾಗ ಪಿಡಿಎಫ್ ಮಾಡಿಯೇ ಕೊಡಿ, ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರಬೇಕು ಅಂತ ಏನಿಲ್ಲ.

ಮತ್ತೆ ಆ ತಿಳಿ ಹಸಿರು, ತಿಳಿ ಗುಲಾಬಿ? ಕಪ್ಪು-ಬಿಳುಪು ಜೆರಾಕ್ಸಿನಲ್ಲಿ ಎರಡೂ ಒಂದೇ ಬೂದಿ.

ಶನಿವಾರಸಂತೆಯವ · ಸೋಮವಾರ ಬೆಳಿಗ್ಗೆ 8:02

ತಿಂಗಳ ಹೆಸರನ್ನು ಪ್ರತಿ ಸಾಲಿನಲ್ಲೂ ಬರೆಯಬೇಡಿ, ಅಸಹ್ಯ ಕಾಣುತ್ತದೆ. 'ಜನವರಿ' ಅಂತ ಒಂದೇ ಸಲ ಬರೆದು ಕೆಳಗಿನ 31 ಮನೆಯನ್ನೂ ಮರ್ಜ್ ಮಾಡಿ, ಸೇರಿಸಿ ಒಂದೇ ಮನೆ ಮಾಡಿ. ನಾನು ಹಾಗೇ ಮಾಡುವುದು. ಫಸ್ಟ್ ಕ್ಲಾಸ್ ಕಾಣುತ್ತದೆ.

ಹಳೇರೈಟರ್ · ಸೋಮವಾರ ಬೆಳಿಗ್ಗೆ 8:20

ಅಣ್ಣ, ಅದನ್ನು ಮಾತ್ರ ಹೇಳಿಕೊಡಬೇಡಿ. ಮರ್ಜ್ ಮಾಡಿದ ಮೇಲೆ ಜನವರಿಯನ್ನು ಫಿಲ್ಟರ್ ಮಾಡಿ ನೋಡಿ, ಮೊದಲ ಸಾಲು ಒಂದೇ ಬರುತ್ತದೆ. ಉಳಿದ 30 ಮನೆ ಎಕ್ಸೆಲ್ ಲೆಕ್ಕದಲ್ಲಿ ಖಾಲಿ. ತೂಕದ ಪ್ರಕಾರ ಸಾರ್ಟ್ ಮಾಡಲು ಹೋದರೆ ಅದೂ ಆಗುವುದಿಲ್ಲ, ಮರ್ಜ್ ಆದ ಮನೆಗಳೆಲ್ಲ ಒಂದೇ ಅಳತೆ ಇರಬೇಕು ಅಂತ ಬೈಯುತ್ತದೆ. ಪ್ರತಿ ಸಾಲಿಗೂ ತಾರೀಕು ಪೂರ್ತಿ ಇರಲಿ. ಕಣ್ಣಿಗೆ ಭಾರ ಅನ್ನಿಸಿದರೆ ಅಕ್ಷರ ತಿಳಿ ಬೂದಿ ಮಾಡಿ.

ಮೇಲಿನ ದೊಡ್ಡ ತಲೆಬರಹ ನಡುವೆ ಬರಬೇಕು ಅಂದರೆ ಅದಕ್ಕೂ ಮರ್ಜ್ ಬೇಡ. ಅಲೈನ್‌ಮೆಂಟ್ ಒಳಗೆ 'ಸೆಂಟರ್ ಅಕ್ರಾಸ್ ಸೆಲೆಕ್ಷನ್' ಇದೆ. ನೋಡಲು ಮರ್ಜ್ ಮಾಡಿದ ಹಾಗೇ, ಮನೆಗಳು ಮಾತ್ರ ಬೇರೆ ಬೇರೆ ಇರುತ್ತವೆ.

ಶನಿವಾರಸಂತೆಯವ · ಸೋಮವಾರ ಬೆಳಿಗ್ಗೆ 8:31

ಎರಡು ವರ್ಷದ ಶೀಟು ಹಾಗೇ ಇದೆ ಮಾರಾಯ್ರೆ. ಈಗ ಹೇಳ್ತೀರಾ.

ಕಾಫಿಕಣ · ಸೋಮವಾರ ರಾತ್ರಿ 9:10

ಎಲ್ಲರಿಗೂ ಥ್ಯಾಂಕ್ಸ್. ಬಣ್ಣ ತೆಗೆದೆ, ಅಲೈನ್‌ಮೆಂಟ್ ಕೂಡ ತೆಗೆದೆ. ಆಗ ಒಂದು ವಿಚಿತ್ರ ಕಂಡಿತು. ತೂಕದ ಕಾಲಂನಲ್ಲಿ ಕೆಲವು ಅಂಕಿ ತಾನಾಗೇ ಬಲಕ್ಕೆ ಹೋಯಿತು, ಕೆಲವು ಎಡಕ್ಕೇ ಅಂಟಿಕೊಂಡಿತು. ಎಡಕ್ಕೆ ನಿಂತದ್ದೆಲ್ಲ ನಮ್ಮ ಮೇಸ್ತ್ರಿಯ ಮಗ ಮೊಬೈಲಿನಿಂದ ತುಂಬಿಸಿದ ದಿನಗಳದ್ದು. ಅವನು '86 ಕೆಜಿ', '112 ಕೆ.ಜಿ.' ಅಂತ ಬರೆದಿದ್ದಾನೆ. ಓದಲು ಚೆನ್ನಾಗಿದೆ ಅಂತ ನಾನು ಹಾಗೇ ಬಿಟ್ಟಿದ್ದೆ.

ಈಗ ನೋಡಿದರೆ ಕೆಳಗಿನ ಒಟ್ಟಿನಲ್ಲಿ ಆ ದಿನಗಳು ಸೇರಿಯೇ ಇಲ್ಲ! ಒಂದೇ ವಾರದಲ್ಲಿ ಸಾವಿರ ಕೆಜಿಯ ಹತ್ತಿರ ಹಣ್ಣು ಲೆಕ್ಕದಿಂದ ಮಾಯ. ಕಣದಲ್ಲಿ ಒಣಗಿದ ಚೀಲ ಎಣಿಸಿದಾಗ ಹೊಂದಲಿಲ್ಲ ಅಂತ ನಾನು ಸುಮ್ನೆ ಡ್ರೈಯೇಜ್ (ಒಣಗುವಾಗ ಕಡಿಮೆಯಾಗುವ ತೂಕ) ಮೇಲೆ ಅನುಮಾನಪಟ್ಟಿದ್ದೆ.

ಇಂಚುಸೆಂಟು · ಸೋಮವಾರ ರಾತ್ರಿ 9:48

ಅದಕ್ಕೇ ನಡುವಿಗೆ ತರಬಾರದು ಅನ್ನುವುದು. ಎಕ್ಸೆಲ್ ತಾನಾಗಿ ಅಂಕಿಯನ್ನು ಬಲಕ್ಕೆ, ಬರಹವನ್ನು ಎಡಕ್ಕೆ ಇಡುತ್ತದೆ. ಅದೊಂದು ಸುಳಿವು. ನೀವು ಎಲ್ಲವನ್ನೂ ನಡುವಿಗೆ ಎಳೆದಾಗ ಸುಳಿವು ಅಳಿಸಿಹೋಯಿತು. '86 ಕೆಜಿ' ಎಕ್ಸೆಲ್‌ಗೆ 'ಮೇಸ್ತ್ರಿ' ಅನ್ನುವ ಹಾಗೆ ಒಂದು ಮಾತು, ಅಂಕಿ ಅಲ್ಲ. ಒಟ್ಟು ಕೂಡಿಸುವ ಸಮ್ ಸೂತ್ರ ಅದನ್ನು ಬಿಟ್ಟು ಮುಂದೆ ಹೋಗುತ್ತದೆ, ಒಂದು ಮಾತೂ ಹೇಳುವುದಿಲ್ಲ.

ಸರಿ ಮಾಡುವುದು ಹೀಗೆ. ಆ ಕಾಲಂ ಆರಿಸಿ, ಕಂಟ್ರೋಲ್ ಎಚ್ ಒತ್ತಿ, 'ಕೆ.ಜಿ.' ಹುಡುಕಿ ಖಾಲಿಯಾಗಿ ಬದಲಿಸಿ. ಆಮೇಲೆ 'ಕೆಜಿ'ಗೂ ಅದೇ. ಕೆಜಿ ಕಾಣಲೇಬೇಕು ಅಂತಿದ್ದರೆ ಫಾರ್ಮ್ಯಾಟ್ ಸೆಲ್ಸ್, ಕಸ್ಟಮ್‌ಗೆ ಹೋಗಿ ಹೀಗೆ ಬರೆಯಿರಿ:

0" ಕೆಜಿ"

ಈಗ 86 ಅಂತ ಒತ್ತಿದರೆ 86 ಕೆಜಿ ಅಂತ ಕಾಣುತ್ತದೆ, ಒಳಗೆ ಬರೀ 86. ಆದರೆ ನನ್ನನ್ನು ಕೇಳಿದರೆ ಪ್ರತಿ ಮನೆಯಲ್ಲೂ ಕೆಜಿ ಬೇಡ. ತಲೆಬರಹದಲ್ಲಿ 'ಹಣ್ಣು, ಕೆಜಿ' ಅಂತ ಒಂದೇ ಸಲ ಸಾಕು.

ಪರೀಕ್ಷೆ ಮಾಡಲು ಕಾಲಂ ಪೂರ್ತಿ ಆರಿಸಿ ಕೆಳಗಿನ ಪಟ್ಟಿ ನೋಡಿ. ಬರೀ ಕೌಂಟ್ ಬಂದು ಸಮ್ ಬರದಿದ್ದರೆ ಎಲ್ಲವೂ ಬರಹವೇ. ಎರಡೂ ಬಂದರೆ 'ನ್ಯೂಮರಿಕಲ್ ಕೌಂಟ್' ಆನ್ ಮಾಡಿ, ಎರಡು ಎಣಿಕೆ ಹೊಂದುತ್ತದಾ ನೋಡಿ. ತಲೆಬರಹದ್ದೊಂದು ಜಾಸ್ತಿ ಇರುತ್ತದೆ, ಅದನ್ನು ಬಿಡಿ.

ಗೋಣಿಕೊಪ್ಪ27 · ಸೋಮವಾರ ರಾತ್ರಿ 10:15

ಇಂಚುಸೆಂಟು ಅಣ್ಣ, ನಿಮ್ಮ ಹೆಸರಿನ ಕಥೆ ಹೇಳಿ. ಮಳೆ ಶೀಟಿನ ವಿಷಯ ಯಾರೂ ಮಾತಾಡಲಿಲ್ಲ.

ಇಂಚುಸೆಂಟು · ಸೋಮವಾರ ರಾತ್ರಿ 11:05

ಹೇಳಬಾರದು ಅಂತಿದ್ದೆ, ನಾಚಿಕೆಗೇಡು. ಆದರೆ ಹೇಳುತ್ತೇನೆ.

ನಮ್ಮಲ್ಲಿ ಮಳೆ ಇಂಚು-ಸೆಂಟಿನಲ್ಲಿ. ಒಂದಿಂಚಿಗೆ ನೂರು ಸೆಂಟು. ಹೊರಗಿನವರಿಗೆ ಮಿಲಿಮೀಟರ್ ಬೇಕು, ಇಂಚಿಗೆ 25.4. ಅದು ಸುಲಭ. ಕಷ್ಟ ಇರುವುದು ಚುಕ್ಕಿಯಲ್ಲಿ.

ಮೂರು ವರ್ಷದ ಹಿಂದೆ ನಾನು ಬೆಂಗಳೂರಲ್ಲಿದ್ದೆ. ತಮ್ಮ ತೋಟದಲ್ಲಿ ಮಳೆ ಅಳೆದು ಗೂಗಲ್ ಶೀಟಿಗೆ ಹಾಕುತ್ತಿದ್ದ. ಮಾರ್ಚ್ ತಿಂಗಳು, ಹೂ ಮಳೆಗೆ ಕಾಯುತ್ತಿದ್ದೆವು. ರೊಬಸ್ಟಾ ಮೊಗ್ಗು ಅರಳಲು ಸುಮಾರು ಒಂದಿಂಚಾದರೂ ಬೇಕು, ನಿಮಗೆಲ್ಲ ಗೊತ್ತು. ಶೀಟಿನಲ್ಲಿ ಒಂದು ದಿನ 0.5, ಮರುದಿನ 0.8 ಅಂತ ಇತ್ತು. ಕೂಡಿಸಿದೆ, 1.3. ಒಂದಿಂಚು ಮೂವತ್ತು ಸೆಂಟು! ಸ್ಪ್ರಿಂಕ್ಲರ್ ಬೇಡ, ಡೀಸೆಲ್ ಉಳಿಯಿತು ಅಂತ ಫೋನ್ ಮಾಡಿ ಹೇಳಿದೆ. ತಮ್ಮ ಒಂದು ಕ್ಷಣ ಸುಮ್ಮನಿದ್ದ. ಅಣ್ಣ ಹೇಳಿದ ಮೇಲೆ ಮುಗಿಯಿತು ಅಂತ ಬಿಟ್ಟ.

ಅವನು ಅಳೆದದ್ದು ಐದು ಸೆಂಟು, ಎಂಟು ಸೆಂಟು, ಅಂದರೆ 0.05, 0.08. ಎರಡು ದಿನದ್ದೂ ಸೇರಿ ಹದಿಮೂರು ಸೆಂಟು. ಮಣ್ಣು ಸರಿಯಾಗಿ ಒದ್ದೆಯೂ ಆಗಿರಲಿಲ್ಲ. ನಾನು ಊರಿಗೆ ಬಂದು ನೋಡುವಾಗ ಮೊಗ್ಗು ಅರ್ಧಂಬರ್ಧ ಅರಳಿ ಕಂದಿತ್ತು. ಆ ವರ್ಷದ ಫಸಲು ಕೇಳಬೇಡಿ.

ಕಾಲಂಗೆ 0.00 ಅಂತ ಫಾರ್ಮ್ಯಾಟ್ ಕೊಟ್ಟಿದ್ದರೆ ಸಾಕಿತ್ತು. 0.5 ಒತ್ತಿದ ಕೂಡಲೇ 0.50 ಅಂತ ಕಾಣುತ್ತಿತ್ತು, ಐವತ್ತಲ್ಲ ಐದು ಅಂತ ತಮ್ಮನಿಗೇ ಹೊಳೆಯುತ್ತಿತ್ತು. ಎರಡು ಸೊನ್ನೆಯ ಕೆಲಸ. ಈಗ ನಮ್ಮ ಮಳೆ ಕಾಲಂನಲ್ಲಿ ಮಳೆ ಬಾರದ ದಿನವೂ 0.00 ಇರುತ್ತದೆ. ಖಾಲಿ ಇದ್ದರೆ ಅಳೆದಿಲ್ಲ ಅಂತ ಅರ್ಥ.

ಕಾಳುಮೆಣಸು · ಮಂಗಳವಾರ ಬೆಳಿಗ್ಗೆ 6:50

ಇದಕ್ಕೆ ಇನ್ನೊಂದು ಉಪಾಯ ಇದೆ. ಚುಕ್ಕಿಯನ್ನೇ ಒತ್ತಬೇಡಿ. ಬರೀ ಸೆಂಟು ಬರೆಯಿರಿ. ಐದು ಸೆಂಟಿಗೆ 5, ಒಂದಿಂಚು ಎಂಟು ಸೆಂಟಿಗೆ 108. ಕಸ್ಟಮ್‌ನಲ್ಲಿ ಹೀಗೆ:

0\.00

5 ಒತ್ತಿದರೆ 0.05 ಕಾಣುತ್ತದೆ, 108 ಒತ್ತಿದರೆ 1.08. ನಮ್ಮ ರೈಟರ್ ಆರು ತಿಂಗಳಿಂದ ಒಂದು ತಪ್ಪೂ ಮಾಡಿಲ್ಲ.

ಇಂಚುಸೆಂಟು · ಮಂಗಳವಾರ ಬೆಳಿಗ್ಗೆ 7:30

ಒಳ್ಳೆ ಉಪಾಯ, ಆದರೆ ನನಗೆ ಹೆದರಿಕೆ. ಕಾಣುವುದು 1.08, ಒಳಗಿರುವುದು 108. ನಾಳೆ ಯಾರೋ ಬಂದು ಅದನ್ನು 25.4ರಿಂದ ಗುಣಿಸಿದರೆ ನಾಪೋಕ್ಲು ಸಮುದ್ರ ಆಗುತ್ತದೆ. ಹಾಗೆ ಮಾಡುವುದಾದರೆ ಪಕ್ಕದ ಕಾಲಂನಲ್ಲಿ 100ರಿಂದ ಭಾಗಿಸಿ ನಿಜವಾದ ಇಂಚು ಇಡಿ, ಮುಂದಿನ ಲೆಕ್ಕಕ್ಕೆಲ್ಲ ಅದನ್ನೇ ಬಳಸಿ.

ಕಾಳುಮೆಣಸು · ಮಂಗಳವಾರ ಬೆಳಿಗ್ಗೆ 7:41

ಅದು ಸರಿ. ಈಗಲೇ ಹಾಕುತ್ತೇನೆ.

ಗೋಣಿಕೊಪ್ಪ27 · ಮಂಗಳವಾರ ಮಧ್ಯಾಹ್ನ 1:20

ನನ್ನದೊಂದು ಗೋಳು. ಮಳೆ ಹೆಚ್ಚು ಇರುವ ದಿನ ಕಡು ನೀಲಿ, ಕಡಿಮೆ ದಿನ ತಿಳಿ ನೀಲಿ ಬರಲಿ ಅಂತ ಕಲರ್ ಸ್ಕೇಲ್ ಹಾಕಿದೆ. 2015ರಿಂದ ಅಪ್ಪ ಬರೆದಿಟ್ಟ ಲೆಕ್ಕ ಪೂರ್ತಿ ಇದೆ. ಆದರೆ ಎಲ್ಲ ವರ್ಷವೂ ಹೆಚ್ಚುಕಡಿಮೆ ಬಿಳಿ. 2018ರ ಆಗಸ್ಟಿನ ಮೂರು ನಾಲ್ಕು ದಿನ ಮಾತ್ರ ಕಡು ನೀಲಿ.

ಹಳೇರೈಟರ್ · ಮಂಗಳವಾರ ಮಧ್ಯಾಹ್ನ 2:05

ಆ ದಿನಗಳನ್ನು ಬಣ್ಣ ಹಾಕಿ ತೋರಿಸಬೇಕಾ ತಮ್ಮಾ. ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದು ಬಂದ ವಾರ ಅದು.

ಕಾರಣ ಹೇಳುತ್ತೇನೆ. ಕಲರ್ ಸ್ಕೇಲ್ ಅತಿ ಹೆಚ್ಚಿನ ಒಂದು ಅಂಕಿಯನ್ನು ಹಿಡಿದು ಉಳಿದದ್ದಕ್ಕೆಲ್ಲ ಬಣ್ಣ ಹಂಚುತ್ತದೆ. ಆ ಒಂದು ಅಂಕಿ ತೀರಾ ದೊಡ್ಡದಾದರೆ ಮಿಕ್ಕ ಜೋರು ಮಳೆಯೂ ಸಪ್ಪೆ. ಆ ನಿಯಮವನ್ನು ತೆರೆದು 'ಹೈಯೆಸ್ಟ್ ವ್ಯಾಲ್ಯೂ' ಇರುವಲ್ಲಿ 'ಪರ್ಸೆಂಟೈಲ್' ಆರಿಸಿ, 95 ಕೊಡಿ. ಅದಕ್ಕಿಂತ ಮೇಲಿನದೆಲ್ಲ ಒಂದೇ ಕಡು ನೀಲಿ ಆಗುತ್ತದೆ, ಮಿಕ್ಕ ಜುಲೈಗಳೂ ಕಣ್ಣಿಗೆ ಬೀಳುತ್ತವೆ. ಒಂದೇ ಬಣ್ಣದ ತಿಳಿ-ಕಡು ಆರಿಸಿದ್ದು ಒಳ್ಳೆಯದಾಯಿತು. ಕೆಂಪು-ಹಸಿರಿನ ವ್ಯತ್ಯಾಸ ಕಾಣದ ಗಂಡಸರು ನಮ್ಮಲ್ಲಿ ಸುಮಾರು ಜನ ಇದ್ದಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೇ. ಹಣ್ಣಾದ ಕಾಫಿಯನ್ನು ಎಲೆಯ ನಡುವೆ ಹುಡುಕುವಾಗ ಗೊತ್ತಾಗುತ್ತದೆ.

ಕಾಫಿಕಣ · ಮಂಗಳವಾರ ರಾತ್ರಿ 8:30

ಇನ್ನೆರಡು ಪ್ರಶ್ನೆ. ಕಾಫಿ ಮಾರಿದ ಹಣ 1,245,000 ಅಂತ ಬರುತ್ತದೆ. ಅಪ್ಪನಿಗೆ ಅದು ಹನ್ನೆರಡು ಲಕ್ಷ ಅಂತ ಓದಲು ಆಗುವುದೇ ಇಲ್ಲ, ಬೆರಳಿಟ್ಟು ಎಣಿಸುತ್ತಾರೆ. ಮತ್ತೆ ಹಾಜರಿ ಶೀಟಿನಲ್ಲಿ 1, 0.5, 0 ತುಂಬಿಕೊಂಡು ಗಿಜಿಗಿಜಿ.

ಡಿಟಿಪಿಅಕ್ಕ · ಮಂಗಳವಾರ ರಾತ್ರಿ 9:00

ಲಕ್ಷದ ಕಾಮಾ ವಿಂಡೋಸಿನ ಸೆಟ್ಟಿಂಗಿನಿಂದ ಬರುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ರೀಜನ್‌ನಲ್ಲಿ ಅಂಕಿ ಗುಂಪು ಮಾಡುವ ಕ್ರಮ 12,34,56,789 ಆರಿಸಿದರೆ ಎಕ್ಸೆಲ್ ಕೂಡ ಹಾಗೇ ತೋರಿಸುತ್ತದೆ. ಆದರೆ ಅದು ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ. ಫೈಲಿನ ಜೊತೆಗೇ ಹೋಗಬೇಕು ಅಂದರೆ ಕಸ್ಟಮ್‌ನಲ್ಲಿ ಇದನ್ನು ಹಾಕಿ. ಅಂಗಡಿಯ ಗೋಡೆಗೇ ಅಂಟಿಸಿಟ್ಟಿದ್ದೇನೆ:

[>=10000000]##\,##\,##\,##0;[>=100000]##\,##\,##0;##,##0

12,45,000 ಅಂತ ಬರುತ್ತದೆ. ಒಂದು ಕೊರತೆ ಇದೆ. ನಷ್ಟದ ಅಂಕಿಗೆ, ಅಂದರೆ ಮೈನಸ್ಸಿಗೆ, ಲಕ್ಷ ದಾಟಿದರೂ ಇದು ಹಳೇ ಥರವೇ ಕಾಮಾ ಹಾಕುತ್ತದೆ. ಷರತ್ತು ಎರಡೇ ಹಾಕಲು ಆಗುವುದು, ಎರಡೂ ಮುಗಿದವು. ನಿಮಗೆ ಅದರ ಅಗತ್ಯ ಬರದಿರಲಿ.

ಪೈಸೆ ತೆಗೆದುಬಿಡಿ. ಲಕ್ಷದ ಲೆಕ್ಕದಲ್ಲಿ .00 ಬರೀ ಗದ್ದಲ. ಆದರೆ ನೆನಪಿರಲಿ, ಪೈಸೆ ಮರೆಯಾಗುತ್ತದೆ ಅಷ್ಟೇ, ಒಳಗೆ ಇರುತ್ತದೆ. ಅಪ್ಪ ಕೈಯಲ್ಲಿ ಕೂಡಿಸಿದರೆ ಒಂದೆರಡು ರೂಪಾಯಿ ವ್ಯತ್ಯಾಸ ಬಂದೀತು. ಅವರು ಕೂಡಿಸಿಯೇ ಕೂಡಿಸುತ್ತಾರೆ, ಅಲ್ವಾ?

ಕಾಳುಮೆಣಸು · ಮಂಗಳವಾರ ರಾತ್ರಿ 9:25

ಹಾಜರಿಗೆ ಇದು:

[=1]"✓";[=0.5]"½";"–"

1 ಒತ್ತಿದರೆ ಗುರುತು, 0.5 ಒತ್ತಿದರೆ ಅರ್ಧ, 0 ಒತ್ತಿದರೆ ಅಡ್ಡಗೆರೆ. ಒಳಗೆ ಅಂಕಿಯೇ ಇರುವುದರಿಂದ ತಿಂಗಳ ಒಟ್ಟು ಸರಿಯಾಗಿ ಬರುತ್ತದೆ. ಒಟ್ಟಿನ ಕಾಲಂಗೆ ಮಾತ್ರ ಇದನ್ನು ಹಾಕಬೇಡಿ, 26 ದಿನದ ಬದಲು ಅಡ್ಡಗೆರೆ ಬರುತ್ತದೆ. ನಾನು ಹಾಕಿ, ಸಂಬಳದ ದಿನ ಎಲ್ಲರೂ ನನ್ನ ಮುಖ ನೋಡಿದ್ದರು. ಹಾಜರಿಯ 31 ಕಾಲಂ ಸಣ್ಣದು ಮಾಡಿ, ಹೆಸರಿನ ಕಾಲಂ ಫ್ರೀಜ್ ಮಾಡಿ. ಮೊಬೈಲಿನಲ್ಲಿ ನೋಡುವವರಿದ್ದರೆ ಹೆಸರು ಒಂದನ್ನೇ ಫ್ರೀಜ್ ಮಾಡಿ. ಮೂರು ಕಾಲಂ ಫ್ರೀಜ್ ಮಾಡಿದರೆ ಪರದೆಯಲ್ಲಿ ಅದೇ ನಿಂತಿರುತ್ತದೆ, ಉಳಿದದ್ದಕ್ಕೆ ಜಾಗ ಇಲ್ಲ.

ಶನಿವಾರಸಂತೆಯವ · ಮಂಗಳವಾರ ರಾತ್ರಿ 10:40

ಮರ್ಜ್ ಎಲ್ಲ ಬಿಡಿಸಿದೆ. ಖಾಲಿ ಮನೆ ತುಂಬಿಸಲು ಎರಡು ಗಂಟೆ ಹಿಡಿಯಿತು. ಈಗ ತಾರೀಕು ತೊಂದರೆ. 3/4 ಅಂತ ಬರೆದದ್ದು ಏಪ್ರಿಲ್ 3ರ ಬದಲು ಮಾರ್ಚ್ 4 ಆಗಿದೆ. 25/4 ಮಾತ್ರ ಎಡಕ್ಕೆ ನಿಂತಿದೆ.

ಇಂಚುಸೆಂಟು · ಮಂಗಳವಾರ ರಾತ್ರಿ 10:58

ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದೆ, ತಿಂಗಳು ಮೊದಲು. 25ನೇ ತಿಂಗಳು ಇಲ್ಲವಲ್ಲ, ಅದಕ್ಕೇ ಅದು ಬರಹವಾಗಿ ಉಳಿಯಿತು. ಎಡಕ್ಕೆ ನಿಂತದ್ದನ್ನು 'ಟೆಕ್ಸ್ಟ್ ಟು ಕಾಲಮ್ಸ್'ನ ಕೊನೆಯ ಹೆಜ್ಜೆಯಲ್ಲಿ ಡೇಟ್, ಡಿಎಂವೈ (ದಿನ, ತಿಂಗಳು, ವರ್ಷ) ಅಂತ ಆರಿಸಿ ಸರಿ ಮಾಡಬಹುದು. ತಿರುಗಿ ಕೂತ 12ನೇ ತಾರೀಕಿನವರೆಗಿನದ್ದೇ ಅಪಾಯ, ಅವು ನೋಡಲು ಸರಿಯಾಗೇ ಇರುತ್ತವೆ. ಅವನ್ನು ಪುಸ್ತಕ ನೋಡಿಯೇ ತಿದ್ದಬೇಕು. ಇನ್ನು ಮುಂದೆ ತಿಂಗಳು ಹೆಸರಲ್ಲಿ ಕಾಣುವ ಫಾರ್ಮ್ಯಾಟ್ ಕೊಡಿ, 03-ಏಪ್ರಿಲ್ ಅನ್ನುವ ಹಾಗೆ. ತಪ್ಪು ಕೂತರೆ ಅಲ್ಲೇ ಕಾಣುತ್ತದೆ.

ಕಾಫಿಕಣ · ಗುರುವಾರ ರಾತ್ರಿ 8:15

ನಿನ್ನೆ ಪೂರ್ತಿ ಕೂತು ಮಾಡಿದೆ. ಈಗ ಬಣ್ಣ ಅಂತ ಇರುವುದು ತಲೆಬರಹದ ತಿಳಿ ಬೂದಿ ಒಂದೇ. ಒಟ್ಟಿನ ಕೆಳಗೆ ಎರಡು ಗೆರೆ, ಲೆಡ್ಜರಿನ ಹಾಗೇ. ಕುಯ್ಲಿನ ಶೀಟು ಎರಡೇ ಹಾಳೆ.

ಸಂಜೆ ಕಾಫಿ ಕುಡಿಯುವಾಗ ಅಪ್ಪನ ಮುಂದೆ ಇಟ್ಟೆ. ಚೆನ್ನಾಗಿದೆ ಅಂತ ಹೇಳಲಿಲ್ಲ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮೇಲಿಂದ ಕೆಳಗೆ ಇಳಿದರು. ಎರಡನೇ ಹಾಳೆಯ ನಡುವೆ ನಿಂತು ಒಂದು ಅಂಕಿಗೆ ಸುತ್ತು ಹಾಕಿದರು. "ಈ ದಿನ 412 ಆಗಲು ಸಾಧ್ಯ ಇಲ್ಲ. ಮೂರೇ ಜನ ಬಂದಿದ್ದರು. ಮಧ್ಯಾಹ್ನ ಮಳೆ ಹನಿದು ಬೇಗ ಬಿಟ್ಟೆವು." ಲೆಡ್ಜರ್ ತೆರೆದು ನೋಡಿದೆವು. 142.

ಹಳೇರೈಟರ್ · ಗುರುವಾರ ರಾತ್ರಿ 8:40

ಹಾಗಾದರೆ ಕೂಲಿ 412ಕ್ಕೇ ಕೊಟ್ಟಿರಾ ತಂಗಿ?

ಕಾಫಿಕಣ · ಗುರುವಾರ ರಾತ್ರಿ 8:43

ಕೊಟ್ಟೆ. ಅಪ್ಪನಿಗೆ ಇನ್ನೂ ಹೇಳಿಲ್ಲ.